ಹಳೇ ಪುಸ್ತಕದ ಸಹಿ: ಒಂದು ಸ್ಪಷ್ಟನೆ

ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ. ಪತ್ರಿಕೆ, ಪತ್ರಕರ್ತರ ಬಗೆಗಿನ ಹಳೇ ಪುಸ್ತಕದಲ್ಲಿ ‘ಪ್ರಥಮ ಮುದ್ರಣ’ ಎಂದಿದ್ದು, ಲೇಖಕರ ಸಹಿಯೂ ಇದ್ದರೆ ಲಕ್ಷ ರೂಪಾಯಿ ಗ್ಯಾರಂಟಿಯಂತೆ. ಇದು ತಪ್ಪು. ಅಂಥ ಪುಸ್ತಕ ಕೂಡಿಸುವ ಹುಚ್ಚು ನನಗೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮರುಮುದ್ರಣದಲ್ಲೂ ಮೊದಲ ಮುದ್ರಣದ ಇಸವಿ ಹಾಗೇ ಇರುತ್ತದೆ. ಇದು ಎಷ್ಟನೇ ಮುದ್ರಣ ಎಂದು ಹೇಳುವ, ಅದರ ಕೆಳಗಿನ ಸಾಲು ಓದಬೇಕು. ಕೆಲವೊಮ್ಮೆ ಆ ಸಾಲೇ ಇರುವುದಿಲ್ಲ. ಆಗ ಪ್ರಕಾಶಕರ ವಿಳಾಸ ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. 1965ರ ಪ್ರತಿ ಅಂತಾರೆ, ವಿಳಾಸದಲ್ಲಿ ಆರಂಕಿಯ ಪಿನ್ ಅಚ್ಚಾಗಿದೆ ಅಂದರೆ ಲೆಕ್ಕ ಕೂಡುವುದಿಲ್ಲ, ಅಲ್ವಾ? ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ, ಅಂದರೆ 13 ಅಂಕಿಯ ಐಎಸ್‌ಬಿಎನ್ ಜಾರಿಗೆ ಬಂದದ್ದಂತೂ 2007ರಲ್ಲಿ. ನಮ್ಮೂರಿನದೇ ಒಂದು ಗುರುತೂ ಇದೆ: ಬಿಜಾಪುರ ಸರ್ಕಾರಿ ಕಡತದಲ್ಲಿ ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ಹಳೇ ಪ್ರತಿಯ ವಿಳಾಸದಲ್ಲಿ ವಿಜಯಪುರ ಅಂತಿದ್ದರೆ ಅನುಮಾನಿಸಿ.

ಇನ್ನು ಸಹಿ. ಮುನ್ನುಡಿಯ ಕೆಳಗಿನ ಸಹಿ ಬಹಳ ಸಲ ಬ್ಲಾಕ್ (ಸಹಿಯ ಪಡಿಯಚ್ಚು) ಮಾಡಿಸಿ ಅಚ್ಚು ಹಾಕಿದ್ದು. ಎಲ್ಲ ಪ್ರತಿಯಲ್ಲೂ ಅದೇ ಇರುತ್ತದೆ. ನಾನೇ ಒಮ್ಮೆ ಅಂಥದ್ದಕ್ಕೆ 600 ರೂಪಾಯಿ ಸುಮ್ನೆ ಕಳೆದುಕೊಂಡೆ. ಭೂತಗನ್ನಡಿ ಹಿಡಿದು ನೋಡಿ. ಬಾಲ್‌ಪೆನ್ನಿನದಾದರೆ ಹಾಳೆಯ ಹಿಂದೆ ಒತ್ತು ಬೆರಳಿಗೆ ಹತ್ತುತ್ತದೆ. ಶಾಯಿಪೆನ್ನಿನದಾದರೆ ಶಾಯಿ ಕಾಗದದಲ್ಲಿ ಸ್ವಲ್ಪ ಹರಡಿರುತ್ತದೆ. ಕೆಳಗಿನ ತಾರೀಖನ್ನೂ ಬಿಡಬೇಡಿ. ಪತ್ರಕರ್ತರೂ ಆಗಿದ್ದ ಡಿವಿಜಿ ತೀರಿಕೊಂಡದ್ದು 1975ರ ಅಕ್ಟೋಬರ್ 7ರಂದು. ಅವರ ಹೆಸರಿನಲ್ಲಿ 1978ರ ಸಹಿ ತೋರಿಸಿದರೆ ನಕ್ಕು ಎದ್ದು ಬನ್ನಿ.

ಲಕ್ಷದ ಮಾತು ಬಿಡಿ. ಅಸಲಿ ಪ್ರತಿಗೂ ಕೊಳ್ಳುವವರು ಸಿಗಬೇಕು, ಗೆದ್ದಲು ಹಿಡಿದಿರಬಾರದು.