ಮನೆ ಮಾಲೀಕರಿಗೇ ನೇಮಕಾತಿ ವಹಿಸಿ

ಬೆಂಗಳೂರಿನ ಉದ್ಯೋಗ ಜಾಹೀರಾತುಗಳ ಕೊನೆಯ ಸಾಲು ಈಚೆಗೆ ಹೀಗಿರುತ್ತದೆ: ‘ನಗರದಲ್ಲೇ ವಾಸವಿರುವವರಿಗೆ ಆದ್ಯತೆ.’ ಬಾಡಿಗೆ ಮನೆಯ ಗೇಟಿನಲ್ಲಿ ನಿಂತರೆ ಕೇಳಿಸುವ ಮೊದಲ ಪ್ರಶ್ನೆ: ‘ಯಾವ ಕಂಪನಿ?’ ಹಾವೇರಿಯಿಂದಲೋ ಚಿತ್ರದುರ್ಗದಿಂದಲೋ ರಾತ್ರಿ ಬಸ್ಸಿಗೆ ಬಂದ ಪದವೀಧರನಿಗೆ ಕೆಲಸ ಸಿಗಬೇಕಾದರೆ ಮನೆ ಬೇಕು, ಮನೆ ಸಿಗಬೇಕಾದರೆ ಕೆಲಸ ಬೇಕು. ಎರಡೂ ಇಲ್ಲದವನಿಗೆ ಮೆಜೆಸ್ಟಿಕ್ಕಿನ ಬೆಂಚು ಇದೆ.

ಹಾಗಾಗಿ ನನ್ನದೊಂದು ಸಲಹೆ. ನೇಮಕಾತಿಯ ಹೊಣೆಯನ್ನು ಮನೆ ಮಾಲೀಕರಿಗೇ ಒಪ್ಪಿಸಿಬಿಡಿ. ಅವರಷ್ಟು ಕಟ್ಟುನಿಟ್ಟಾಗಿ ಸಂದರ್ಶನ ಮಾಡುವವರು ಯಾವ ಎಚ್‌ಆರ್ ವಿಭಾಗದಲ್ಲೂ ಇಲ್ಲ. ಕಂಪನಿಯ ಗುರುತಿನ ಚೀಟಿ, ಸಂಬಳದ ಚೀಟಿ, ಆಧಾರ್, ತಂದೆಯ ಉದ್ಯೋಗ, ಊಟದಲ್ಲಿ ಮಾಂಸವೋ ಸೊಪ್ಪೋ, ಮದುವೆ ಯಾವಾಗ, ರಾತ್ರಿ ಎಷ್ಟು ಹೊತ್ತಿಗೆ ಬರುತ್ತೀರಿ, ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ, ನೀರು ಎಷ್ಟು ಬಕೆಟ್ ಬೇಕು! ಇಷ್ಟು ವಿಚಾರಿಸಿದ ಮೇಲೂ ‘ಹೆಂಡತಿಯನ್ನು ಕೇಳಿ ಹೇಳುತ್ತೇನೆ’ ಎನ್ನುತ್ತಾರೆ. ಅಂತಿಮ ಸುತ್ತು ಅಡುಗೆಮನೆಯಲ್ಲಿ ನಡೆಯುತ್ತದೆ.

ಸಂಬಳ ಪರಿಷ್ಕರಣೆಯ ವಿದ್ಯೆಯೂ ಅವರಿಗೇ ಗೊತ್ತು. ಹನ್ನೊಂದು ತಿಂಗಳ ಕರಾರು ಮುಗಿದ ಮರುದಿನವೇ ಬಾಡಿಗೆ ಶೇ 5ರಿಂದ 10ರಷ್ಟು ಏರುತ್ತದೆ. ಸ್ವಯಂ ಮೌಲ್ಯಮಾಪನ ಬರೆಯಬೇಕಿಲ್ಲ, ಗುರಿ ಮುಟ್ಟಿದ್ದೇನೆಂದು ಯಾರಿಗೂ ತೋರಿಸಬೇಕಿಲ್ಲ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆಂದು ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ 2021ರಲ್ಲೇ ಹೇಳಿದೆ. ಆ ಕಾಯ್ದೆಗೆ ಬಹುಶಃ ಬೆಂಗಳೂರಿನಲ್ಲಿ ಇನ್ನೂ ಬಾಡಿಗೆ ಮನೆ ಸಿಕ್ಕಿಲ್ಲ. ಕೊಟ್ಟ ಅಡ್ವಾನ್ಸ್‌ನಲ್ಲೂ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಸುಣ್ಣಬಣ್ಣಕ್ಕೆಂದು ಹೋಗುತ್ತದೆ, ಗೋಡೆಗೆ ಒಂದು ಮೊಳೆ ಹೊಡೆಯದಿದ್ದರೂ.

ಕಂಪನಿಗಳದು ಮಾತ್ರ ಅಚಲ ನಿಷ್ಠೆ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ವಾರ್ಷಿಕ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ತಪಸ್ಸಿಗೆ ಕೂತಿದೆ. ಅದರಲ್ಲೂ ಕಂಪನಿ ಕಟ್ಟುವ ಭವಿಷ್ಯ ನಿಧಿ, ವಿಮೆ ಎಲ್ಲ ಸೇರಿಯೇ ಲೆಕ್ಕ. ಇತ್ತ 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು, ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹಾರಿತು, ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ಲೀಟರಿಗೆ 4 ರೂಪಾಯಿ ಸೇರಿತು. ಹಾಲಿಗೆ ಸಿಕ್ಕ ಬಡ್ತಿ ಹುಡುಗರಿಗೆ ಸಿಗಲಿಲ್ಲ.

ಸರ್ಕಾರವೇನೂ ಸುಮ್ಮನಿಲ್ಲ. ನಿರುದ್ಯೋಗಿ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಪಿ.ಜಿ.ಯಲ್ಲಿ ಮೂವರು ಮಲಗುವ ಕೋಣೆಯ ಒಂದು ಮಂಚಕ್ಕೂ ಅದು ಸಾಲುವುದಿಲ್ಲ. ಮಂಚವನ್ನು ಪಾಳಿಯ ಮೇಲೆ ಹಂಚಿಕೊಂಡರೆ ಸರಿಹೋದೀತು.

ಇಷ್ಟೆಲ್ಲ ದಾಟಿ, ಇಸ್ತ್ರಿ ಕೆಡದಂತೆ ಮೆಟ್ರೊದಲ್ಲಿ ನಿಂತೇ ಬಂದು, ಗಾಜಿನ ಕೋಣೆಯಲ್ಲಿ ಕುಳಿತ ಹುಡುಗನಿಗೆ ಎಚ್‌ಆರ್ ಮೇಡಂ ನಗುತ್ತ ಕೇಳುತ್ತಾರೆ: ‘ಹಣ ಬಿಟ್ಟು ನಿಮಗೆ ಸ್ಫೂರ್ತಿ ಕೊಡುವುದು ಯಾವುದು?’

‘ಬಾಡಿಗೆ ಕಟ್ಟಬೇಕಾದ ಐದನೇ ತಾರೀಖು, ಮೇಡಂ.’

ಅವರು ಬರೆದುಕೊಂಡರು: ಅಭ್ಯರ್ಥಿಗೆ ಗಡುವಿನ ಪ್ರಜ್ಞೆ ಚೆನ್ನಾಗಿದೆ.