ಅಪ್ಪನ ಪಾತ್ರ ಕೇಳಿದ ಹುಡುಗ

ಓದಿನಲ್ಲಿ ಮನಸ್ಸಿಲ್ಲದ ಮಕ್ಕಳಿಗೆ ನಾಟಕ ಕಾರ್ಯಾಗಾರ ಮಾಡಿ ಅಂತ ಹೇಳುವ ಲೇಖನವೊಂದನ್ನು ಓದಿದೆ. ಪೂರ್ತಿ ಒಪ್ಪುತ್ತೇನೆ. ಆದರೆ ಮಾತು ಬಾಯಿಪಾಠ ಮಾಡಿಸಿ ವಾರ್ಷಿಕೋತ್ಸವದಲ್ಲಿ ಆಡಿಸುವುದು ಬೇರೆ, ನಾನು ಹೇಳುವ ನಾಟಕ ಬೇರೆ. ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೋ ಬೋಲ್ 1970ರ ದಶಕದಲ್ಲಿ ಬೆಳೆಸಿದ ಫೋರಂ ಥಿಯೇಟರ್‌ನಲ್ಲಿ ಸಣ್ಣದೊಂದು ದೃಶ್ಯ ಆಡುತ್ತಾರೆ, ಅದು ಸೋಲಿನಲ್ಲಿ ಮುಗಿಯುತ್ತದೆ. ಮತ್ತೆ ಆಡುವಾಗ ನೋಡುವವರು ‘ನಿಲ್ಲಿಸಿ’ ಅಂದು ಎದ್ದು ಬಂದು, ಸೋತವನ ಜಾಗದಲ್ಲಿ ತಾವೇ ಆಡಬಹುದು.

ನಾನು ಉಡುಪಿ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಒಮ್ಮೆ ನಾವೂ ಮಾಡಿ ನೋಡಿದೆವು. ದೃಶ್ಯ ಇಷ್ಟೇ: ಕಾಲೇಜು ಬಿಟ್ಟು ಮೀನುಗಾರಿಕೆ ಬೋಟಿಗೆ ಹೋಗ್ತೇನೆ ಅನ್ನುವ ಮಗ, ಬೈಯುವ ಅಪ್ಪ. ಕೊನೇ ಬೆಂಚಿನಲ್ಲಿ ಯಾವಾಗಲೂ ತಲೆ ಇಟ್ಟು ಮಲಗುವ ಮಲ್ಪೆ ಕಡೆಯ ಹುಡುಗ ಎದ್ದ. ಮಗ ಬೇಡ, ಅಪ್ಪನ ಪಾತ್ರ ಕೊಡಿ ಅಂದ. ನಿಯಮ ಹಾಗಿಲ್ಲ, ಆದರೂ ಬಿಟ್ಟೆವು. ಕುರ್ಚಿ ಎಳೆದು ಕೂತ. ಬೈಯಲೇ ಇಲ್ಲ. ‘ಒಣಸ್ ಆಂಡಾ?’ (ಊಟ ಆಯ್ತಾ?) ಅಂತ ತುಳುವಿನಲ್ಲಿ ಕೇಳಿದ, ಅಷ್ಟೇ. ಮಗನಾಗಿದ್ದವನಿಗೆ ಉತ್ತರ ಹೊರಡಲಿಲ್ಲ. ಆಮೇಲೆ ಅರ್ಧ ಗಂಟೆ ಕ್ಲಾಸೇ ಮಾತಾಡಿತು, ನಾನು ಸುಮ್ನೆ ಕೂತಿದ್ದೆ.

ನಮ್ಮೂರಿಗೆ ಇದೇನು ಹೊಸದಲ್ಲ, ಅಲ್ವಾ? ಯಕ್ಷಗಾನವನ್ನು ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ ಮುಗಿದ ಕೂಡಲೇ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಅಲ್ಲೇ ಮಾತು ಕಟ್ಟಬೇಕು, ಎದುರಾಳಿಗೆ ಉತ್ತರ ಕೊಡಬೇಕು.

ಕಾರ್ಯಾಗಾರ ಮಾಡುವವರಲ್ಲಿ ಒಂದೇ ಕೋರಿಕೆ. ಮಕ್ಕಳು ತುಳು, ಬ್ಯಾರಿ, ಕೊಂಕಣಿ ಯಾವುದರಲ್ಲಾದರೂ ಆಡಲಿ. ಮಧ್ಯದಲ್ಲಿ ಬುದ್ಧಿ ಹೇಳಬೇಡಿ. ಹೇಳಿದರೆ ಆ ಹುಡುಗ ಮತ್ತೆ ಬೆಂಚಿಗೆ ತಲೆ ಇಡುತ್ತಾನೆ.