ವೀಸಾ ಬಂದಮೇಲೆ ಇಲ್ಲಿನ ಲೆಕ್ಕ
ಕಂಪನಿ ಕಳಿಸದೆ ತಾವೇ ಕೆಲಸ ಹುಡುಕಿ ಹೊರದೇಶಕ್ಕೆ ಹೋಗೋರ ಬಗ್ಗೆ ನಾನು ಓದಿದ ಲೇಖನವೊಂದು ವೀಸಾ ಪಡೆಯೋದಕ್ಕೇ ನಿಂತುಬಿಟ್ಟಿದೆ, ಇಲ್ಲಿನ ತೆರಿಗೆ ಬಗ್ಗೆ ಹೇಳಿಲ್ಲ. ಇಲ್ಲಿನ ತೆರಿಗೆ ನೋಡಿಕೊಳ್ಳೋಕೆ ಇವರಿಗೆ ಎಚ್‌ಆರ್ ಇರಲ್ಲ.

ಏಪ್ರಿಲ್ 1ರಿಂದ ಎಣಿಸಿ 182 ದಿನ ಇಲ್ಲಿದ್ದರೆ ಆ ವರ್ಷದ ಮಟ್ಟಿಗೆ ತೆರಿಗೆ ಲೆಕ್ಕದಲ್ಲಿ ನೀವು ಭಾರತದ ನಿವಾಸಿಯೇ, ಅಲ್ಲಿನ ಸಂಬಳವನ್ನೂ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಸೆಪ್ಟೆಂಬರ್ 28ರೊಳಗೆ ಕೆಂಪೇಗೌಡ ವಿಮಾನ ನಿಲ್ದಾಣ ದಾಟಿದರೆ ಬಚಾವ್, ಮಾರ್ಚ್‌ವರೆಗೆ ರಜೆಗೆ ಬರದಿದ್ದರೆ ಮಾತ್ರ! ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳು ಇಲ್ಲಿನ ಆದಾಯಕ್ಕೆ ಇಟ್ಟುಕೊಳ್ಳೋ ರೂಪಾಯಿ ಖಾತೆ) ಮಾಡಿಸಿ.

ಜಾಸ್ತಿ ಜನ ಎಡವೋದು ಬಾಡಿಗೆ ವಿಷಯದಲ್ಲಿ. ಜಯನಗರದ ಫ್ಲಾಟನ್ನು 30,000ಕ್ಕೆ ಕೊಟ್ಟಿದ್ದರೆ ಬಾಡಿಗೆದಾರ ಟ್ಯಾನ್ (ತೆರಿಗೆ ಕಡಿತ ಮಾಡೋರಿಗೆ ಕೊಡೋ ನೋಂದಣಿ ಸಂಖ್ಯೆ) ಪಡೆದು, ಸೆಸ್ ಸೇರಿ 31.2%, ಅಂದರೆ ತಿಂಗಳಿಗೆ 9,360 ಬಾಡಿಗೆಯಲ್ಲಿ ಹಿಡಿದು ಸರ್ಕಾರಕ್ಕೆ ತೆರಿಗೆ ಕಟ್ಟಬೇಕು. ತಿಂಗಳ ಬಾಡಿಗೆ 50,000 ದಾಟದಿದ್ದರೆ ಕಡಿತ ಬೇಡ ಅನ್ನೋ ಮಿತಿ ಮಾಲೀಕ ಇಲ್ಲೇ ಇದ್ದಾಗಿನದು, ಅನಿವಾಸಿಯಾದರೆ ನಡೆಯಲ್ಲ. ಕಡಿಮೆ ಕಡಿತದ ಸರ್ಟಿಫಿಕೇಟ್‌ಗೆ ನೀವೇ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಿ, ಇಲ್ಲದಿದ್ದರೆ ರೀಫಂಡ್‌ಗೆ ಕಾಯಬೇಕಾಗುತ್ತೆ.